ಶೆವೆಲ್‌ಗೆ ಡಿಸ್ಕ್ ಬ್ರೇಕ್ ಕಿಟ್ಟು, ಫಾಸ್ಟ್ ಸ್ಟೀರಿಂಗ್ ಬಾಕ್ಸು: ಹಾಕಿ ಓಡ್ಸಿದ ಮೇಲೆ ಬರೀತಿರೋದು

ಮೊದ್ಲೇ ಹೇಳ್ಬಿಡ್ತೀನಿ, ಎರಡ್ರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದ್ರೆ ಕಣ್ಮುಚ್ಚಿ ಬ್ರೇಕ್ ಹಾಕ್ಸಿ. ಆದ್ರೆ ಖುಷಿ ಕೊಟ್ಟಿದ್ದು ಯಾವ್ದು ಅಂತ ಕೇಳಿದ್ರೆ ಸ್ಟೀರಿಂಗು.

ನನ್ ಗಾಡಿ 1970ರ ಶೆವರ್ಲೆ ಶೆವೆಲ್ ಮಾಲಿಬು, 350 ಕ್ಯೂಬಿಕ್ ಇಂಚಿನ ಎಂಜಿನ್ನು. ಆ ವರ್ಷ ಎಸ್ಎಸ್ (ಶೆವೆಲ್‌ನಲ್ಲೇ ಜೋರಿನ ಮಾಡೆಲ್ಲು) ತಗೊಂಡೋರಿಗೆ ಮುಂದೆ ಪವರ್ ಡಿಸ್ಕ್ ಜೊತೇಲೇ ಬರ್ತಿತ್ತು, ನಮ್ಮಂಥ ಸಾದಾ ಮಾಲಿಬುಗೆ ನಾಲ್ಕೂ ಕಡೆ ಒಂಬತ್ತೂವರೆ ಇಂಚಿನ ಡ್ರಮ್ಮೇ ಗತಿ. ಒಂದೂವರೆ ಟನ್ನಿಗೂ ಮೇಲಿರೋ ಗಾಡಿ, ಓಡೋಕೇನೋ ಗೂಳಿ ಥರ ಓಡುತ್ತೆ, ಇಳಿಜಾರಲ್ಲಿ ಒಂದ್ಸಲ ಒತ್ತಿ ನಿಲ್ಲಿಸ್ದಾಗ ಪರವಾಗಿಲ್ಲ, ಎರಡ್ನೇ ಸಲಕ್ಕೆ ಪೆಡಲ್ ಇನ್ನೊಂದ್ ಸ್ವಲ್ಪ ಕೆಳಗೋಗುತ್ತೆ, ಮೂರನೇ ಸಲ ದೇವ್ರೇ ಕಾಪಾಡ್ಬೇಕು. ಡ್ರಮ್ಮು ಬಿಸಿಯಾದಷ್ಟೂ ಹಿಗ್ಗಿ, ಒಳಗಿಂದ ಅದನ್ನ ಒತ್ತಿ ಹಿಡಿಯೋ ಶೂನಿಂದ ದೂರ ಹೋಗುತ್ತೆ, ಪೆಡಲ್ ಇಳಿಯೋದು ಅದಕ್ಕೆ. ಮಳೇಲಂತೂ ಒಂದು ಡ್ರಮ್ ಒದ್ದೆ ಇನ್ನೊಂದು ಒಣಗಿದ್ದು, ಗಾಡಿ ಸೀದಾ ಪಕ್ಕದ ಲೇನಿಗೆ ಎಳ್ಕೊಂಡ್ ಹೋಗೋದು.

ಆನ್‌ಲೈನಲ್ಲಿ ತರ್ಸಿದ್ದು ಮುಂದಿನ ಚಕ್ರದ ಕಿಟ್ಟು. 11 ಇಂಚಿನ ರೋಟರ್ (ಡಿಸ್ಕ್ ಅಂದ್ರೆ ಇದೇ), ಅದನ್ನ ಪ್ಯಾಡಿಂದ ಅಮುಕಿ ಹಿಡಿಯೋ ಸಿಂಗಲ್ ಪಿಸ್ಟನ್ ಕ್ಯಾಲಿಪರ್, ಎಂಜಿನ್ನಿನ ವ್ಯಾಕ್ಯೂಮಿಂದ ಪೆಡಲ್ ಹಗುರ ಮಾಡೋ ವ್ಯಾಕ್ಯೂಮ್ ಬೂಸ್ಟರ್, ಬ್ರೇಕ್ ಆಯಿಲ್ ತಳ್ಳೋ ಹೊಸ ಮಾಸ್ಟರ್ ಸಿಲಿಂಡರ್, ಮುಂದೆ ಹಿಂದೆ ಪ್ರೆಶರ್ ಹಂಚೋ ಕಾಂಬಿನೇಶನ್ ವಾಲ್ವ್, ರಬ್ಬರ್ ಹೋಸು. ಕ್ಯಾಲಿಪರ್ ಆ ಕಾಲದ ಜಿಎಂ (ಶೆವರ್ಲೆಯ ಮಾತೃ ಕಂಪ್ನಿ) ಡಿಸೈನೇ ಆಗಿರೋದ್ರಿಂದ ಪ್ಯಾಡು ಯಾವ ಪಾರ್ಟ್ಸ್ ಅಂಗಡೀಲಾದ್ರೂ ಸಿಗುತ್ತೆ, ಇದು ದೊಡ್ಡ ಪ್ಲಸ್ಸು. ನೋಡೋಕೆ ಚೆನ್ನಾಗಿದೆ ಅಂತ ಆರು ಪಿಸ್ಟನ್ ಬಣ್ಣದ ಕ್ಯಾಲಿಪರ್ ಹಾಕ್ಸಿ ಆಮೇಲೆ ಒಂದು ಸೀಲಿಗೆ ವಾರಗಟ್ಲೆ ಕಾಯೋ ಆಸಾಮಿ ನಾನಲ್ಲ. ಹಳೇ ಮಾಸ್ಟರ್ ಸಿಲಿಂಡರ್ ಇಟ್ಕೊಂಡು ದುಡ್ಡು ಉಳಿಸ್ತೀನಿ ಅಂತ ಮಾತ್ರ ಹೋಗ್ಬೇಡಿ, ಡ್ರಮ್‌ಗೆ ಅಂತ ಮಾಡಿದ್ರೊಳಗೆ ಲೈನಲ್ಲಿ ಸ್ವಲ್ಪ ಪ್ರೆಶರ್ ಹಿಡಿದಿಡೋ ಚೆಕ್ ವಾಲ್ವ್ ಇರುತ್ತೆ, ಅದು ಡಿಸ್ಕಿಗೆ ಬಂದ್ರೆ ಪ್ಯಾಡು ಯಾವಾಗ್ಲೂ ರೋಟರನ್ನ ಉಜ್ಜುತ್ತಾನೇ ಇರುತ್ತೆ.

ಕಿಟ್ ಮೇಲೆ ದಪ್ಪಕ್ಷರದಲ್ಲಿ "ಬೋಲ್ಟ್ ಆನ್" ಅಂತ ಬರ್ದಿದಾರೆ. ಬರೀ ಬುರುಡೆ.

ಪಾರ್ಟ್ಸೆಲ್ಲಾ ಕೂತ್ವು ನಿಜ, ಒಂದು ಶನಿವಾರ ಭಾನುವಾರದಲ್ಲಿ ಮುಗೀತು. ಸೋಮವಾರ ಸಂಜೆ ಹತ್ತು ನಿಮಿಷ ಓಡ್ಸಿರ್ಬೋದು, ಗಾಡಿ ಭಾರ ಆದಂಗಾಯ್ತು, ಆಕ್ಸಿಲರೇಟರ್ ಬಿಟ್ರೆ ಯಾರೋ ಹಿಂದಿಂದ ಹಿಡ್ಕೊಂಡಂಗೆ ನಿಂತ್ಕೋತಿದೆ. ಇಳಿದು ನೋಡಿದ್ರೆ ಮುಂದಿನ ಎರಡೂ ಚಕ್ರದಿಂದ ಸುಟ್ಟ ವಾಸನೆ, ಹಬ್ ಹತ್ರ ಕೈ ತಗೊಂಡ್ ಹೋಗೋಕಾಗಲ್ಲ ಅಷ್ಟು ಶಾಖ. ಕೈಲಿದ್ದ ನೀರಿನ ಬಾಟ್ಲಿಂದ ಎರಡ್ ಹನಿ ರಿಮ್ ಮೇಲೆ ಬಿಟ್ಟೆ, ಚುಯ್ ಅಂತು. ಮಾರಿದೋರಿಗೆ ಫೋನ್ ಮಾಡಿದ್ರೆ "ಬ್ಲೀಡ್ ಸರಿಯಾಗಿ ಮಾಡಿಲ್ಲ ನೀವು" ಅಂತ ಒಂದೇ ರಾಗ, ಅಂದ್ರೆ ಬ್ರೇಕ್ ಲೈನಲ್ಲಿರೋ ಗಾಳಿ ಪೂರ್ತಿ ತೆಗೆದಿಲ್ಲ ಅಂತ. ಮತ್ತೆ ಬ್ಲೀಡ್ ಮಾಡ್ದೆ, ಅದೇ ಕಥೆ. ಕೊನೆಗೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯ್ತು, ಬ್ರೇಕ್ ಪೆಡಲ್ ಕಂಬೀಲಿ ಎರಡು ತೂತಿದೆ. ಮೇಲಿಂದು ಪವರ್ ಇಲ್ದಿರೋ ಬ್ರೇಕಿಗೆ, ಕೆಳಗಿಂದು ಪವರ್ ಬ್ರೇಕಿಗೆ. ನಾನು ಪೆಡಲಿಂದ ಬೂಸ್ಟರಿಗೆ ಹೋಗೋ ರಾಡನ್ನ ಹಳೇ ಜಾಗ ಅಂತ ಮೇಲಿನ ತೂತಿಗೇ ಸಿಗಿಸಿದ್ದೆ, ಅದು ಓರೆಯಾಗಿ ಹೋಗಿ ಬಿಗಿದುಕೊಂಡು ಪೂರ್ತಿ ವಾಪಸ್ಸೇ ಬರ್ತಿರ್ಲಿಲ್ಲ. ಕೆಳಗಿನ ತೂತಿಗೆ ಹಾಕ್ದೆ, ಸರಿಹೋಯ್ತು. ಒಂದು ಸಾಲು ಬರಿಯೋಕೆ ಏನಾಗಿತ್ತು ಇವ್ರಿಗೆ? ಇನ್‌ಸ್ಟ್ರಕ್ಷನ್ ಅಂತ ಕೊಟ್ಟಿದ್ದು ಒಂದು ಹಾಳೆ, ಅದ್ರಲ್ಲಿ ಅರ್ಧ ವಾರಂಟಿ ಇಲ್ಲ ಅನ್ನೋದೇ ಇದೆ. ಹಂಗೇ ಬೂಸ್ಟರಿಗೂ ಮಾಸ್ಟರಿಗೂ ನಡುವಿನ ಪಿನ್ನು ಉದ್ದ ಆದ್ರೂ ಇದೇ ಥರ ಬ್ರೇಕ್ ಹಿಡ್ಕೊಳುತ್ತೆ, ಮಕ್ಕಳು ಆಡೋ ಕ್ಲೇ ಒಂಚೂರು ಪಿನ್ ತುದೀಗೆ ಮೆತ್ತಿ, ಮಾಸ್ಟರ್ ಕೂರಿಸಿ ತೆಗೆದು, ಎಷ್ಟು ದಪ್ಪ ಉಳಿದಿದೆ ಅಂತ ನೋಡಿದ್ರೆ ಗ್ಯಾಪ್ ಗೊತ್ತಾಗುತ್ತೆ.

ಸರಿಹೋದ ಮೇಲೆ? ಬೇರೆ ಗಾಡೀನೇ ಬಿಡಿ. ಅದೇ ಇಳಿಜಾರಲ್ಲಿ ಐದಾರು ಸಲ ನಿಲ್ಲಿಸ್ದೆ, ಪೆಡಲ್ ಇದ್ದಲ್ಲೇ ಇದೆ, ನೇರವಾಗಿ ನಿಲ್ಲುತ್ತೆ. ಹಿಂದೆ ಡ್ರಮ್ಮೇ ಬಿಟ್ಟಿದೀನಿ, ಬ್ರೇಕ್ ಹಾಕ್ದಾಗ ಭಾರ ಎಲ್ಲಾ ಮುಂದಕ್ಕೇ ಬರೋದ್ರಿಂದ ರೋಡಲ್ಲಿ ಓಡ್ಸೋಕೆ ಇಷ್ಟು ಸಾಕೇ ಸಾಕು. ಒಂದು ವಿಷ್ಯ, ನಂದು ಹೆಚ್ಚುಕಮ್ಮಿ ಸ್ಟಾಕ್ ಕ್ಯಾಮು (ಎಂಜಿನ್ ವಾಲ್ವ್ ತೆಗೆಯೋ ಶಾಫ್ಟು), ವ್ಯಾಕ್ಯೂಮ್ ಚೆನ್ನಾಗಿದೆ. ಐಡಲ್ಲಲ್ಲಿ ಗುಡುಗುಡು ಅನ್ನೋ ದೊಡ್ಡ ಕ್ಯಾಮ್ ಹಾಕ್ಸಿರೋರಿಗೆ ವ್ಯಾಕ್ಯೂಮ್ ಸಾಲಲ್ಲ, ಈ ಬೂಸ್ಟರ್ ದಂಡ, ಪೆಡಲ್ ಕಲ್ಲು ತುಳಿದಂಗಿರುತ್ತೆ, ಅವ್ರು ಪವರ್ ಸ್ಟೀರಿಂಗ್ ಪಂಪಿಂದಾನೇ ಓಡೋ ಹೈಡ್ರೋಬೂಸ್ಟ್ ಕಡೆ ನೋಡ್ಲಿ.

ಈಗ ಸ್ಟೀರಿಂಗು. ಇದನ್ನ ಬೇರೆ ಕಡೆಯಿಂದ ತರ್ಸಿದ್ದು, ರಿಬಿಲ್ಡ್ ಮಾಡಿರೋ ಸ್ಯಾಗಿನಾ ಕಂಪ್ನಿ ಬಾಕ್ಸು, 12.7:1 ರೇಶಿಯೋ (ಈ ನಂಬರ್ ಕಮ್ಮಿ ಆದಷ್ಟೂ ಗಾಡಿ ಬೇಗ ತಿರುಗುತ್ತೆ). ಹಳೇದ್ರಲ್ಲಿ ಹೈವೇ ಮೇಲೆ ಹೋಗೋದು ಅಂದ್ರೆ ದೋಣಿ ನಡ್ಸಿದಂಗೆ, ನಡು ಹತ್ರ ಎರಡು ಇಂಚು ಆಟ, ತಿರುಗಿಸ್ತಾ ಇರ್ಬೇಕು ಗಾಡಿ ಯೋಚ್ನೆ ಮಾಡಿ ಆಮೇಲೆ ತಿರುಗುತ್ತೆ. ಮೇಲಿರೋ ಸ್ಕ್ರೂ ಬಿಗಿ ಮಾಡಿ ನೋಡಿದ್ದೆ, ಆಟ ಕಮ್ಮಿಯಾಯ್ತು ಆದ್ರೆ ನಡುವಲ್ಲಿ ಗಟ್ಟಿಯಾಗಿ ಹಿಡ್ಕೊಳೋಕೆ ಶುರುವಾಯ್ತು, ಸವೆದಿರೋ ಗೇರಿಗೆ ಅದು ಪರಿಹಾರ ಅಲ್ಲ. ಹೊಸ ಬಾಕ್ಸು ಅದೇ ಬೋಲ್ಟ್ ತೂತಿಗೆ ಕೂತ್ಕೊಳ್ತು, ಬಾಕ್ಸಿಂದ ಚಕ್ರದ ಕಡೆ ತಿರುವು ಒಯ್ಯೋ ಹಳೇ ಪಿಟ್‌ಮನ್ ಆರ್ಮೇ ಆಯ್ತು (ಪುಲ್ಲರ್ ಹಾಕಿ ತೆಗೀರಿ, ಸುತ್ತಿಗೇಲಿ ಹೊಡೀಬೇಡಿ). ಕಿತ್ತಾಟ ಆಗಿದ್ದು ಎರಡ್ ಕಡೆ. ಕಾಲಮ್ ಸೇರೋ ಶಾಫ್ಟಿನ ಹಲ್ಲು ಹಳೇದು 13/16 ಇಂಚು, ಹೊಸದು 3/4, ಅದಕ್ಕೆ ಎರಡನ್ನೂ ಜೋಡಿಸೋ ರಾಗ್ ಜಾಯಿಂಟ್ ಬೇರೆ ಬೇಕು. ಹೋಸಿನ ಫಿಟ್ಟಿಂಗೂ ಅಷ್ಟೇ, ಈ ಬಾಕ್ಸು ಮೆಟ್ರಿಕ್ ಓ ರಿಂಗ್‌ದು, ಹಳೇ ಹೋಸು ಫ್ಲೇರ್‌ದು, ಮಧ್ಯೆ ಅಡಾಪ್ಟರ್ ಹಾಕ್ಬೇಕು. ಆದ್ರೆ ಇವ್ರು ಇದನ್ನೆಲ್ಲಾ ಆರ್ಡರ್ ತಗೊಳೋ ಮುಂಚೇನೇ ಕೇಳಿ ಸರಿಯಾದ್ದನ್ನ ಅದೇ ಡಬ್ಬದಲ್ಲಿ ಹಾಕಿ ಕಳ್ಸಿದ್ರು, ಬ್ರೇಕಿನೋರು ಇವ್ರತ್ರ ಪಾಠಕ್ಕೆ ಬರ್ಬೇಕು.

ಮೊದಲ್ನೇ ದಿನ ಮಾತ್ರ ನಿರಾಸೆ. ಸ್ಟೀರಿಂಗೇನೋ ಶಾರ್ಪಾಗಿದೆ, ಆದ್ರೆ ಗಾಡಿ ಅಲೀತಾ ಇದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ವಾಪಸ್ ಬರ್ತಿಲ್ಲ. ತಪ್ಪು ಬಾಕ್ಸಿಂದಲ್ಲ, ಅಲೈನ್‌ಮೆಂಟ್ ಮಾಡಿದೋನು ಹಳೇ ಪುಸ್ತಕದ ಲೆಕ್ಕಕ್ಕೇ ಸೆಟ್ ಮಾಡಿದ್ದ, ಅದು ಹಳೇ ಥರದ ಬಯಾಸ್ ಪ್ಲೈ ಟೈರಿನ ಕಾಲದ್ದು, ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ, ಸ್ಟೀರಿಂಗ್ ನಡುವಿಗೆ ವಾಪಸ್ ತರೋದು ಇದೇ) ಹತ್ರಹತ್ರ ಸೊನ್ನೆ. ವಾಪಸ್ ಹೋಗಿ ಈಗಿನ ರೇಡಿಯಲ್ ಟೈರಿಗೆ ನಾಲ್ಕು ಡಿಗ್ರಿ ಪಾಸಿಟಿವ್ ಕೊಡಪ್ಪಾ ಅಂದೆ, ಮೇಲಿನ ಕಂಟ್ರೋಲ್ ಆರ್ಮಿನ ಹಿಂದಿನ ಬೋಲ್ಟಿಗೆ ಶಿಮ್ (ತೆಳು ತಗಡು) ಸೇರಿಸಿ ಮುಂದಿಂದ ತೆಗೆದು ಮೂರೂವರೆ ತನಕ ತಂದ, ಅದಕ್ಕಿಂತ ಮೇಲೆ ಆಗ್ಲಿಲ್ಲ. ಅಷ್ಟೇ ಸಾಕಾಯ್ತು. ಈಗ ಎರಡು ಬೆರಳಲ್ಲಿ ಹಿಡ್ಕೊಂಡು ಹೈವೇಲಿ ಹೋಗ್ತೀನಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎರಡೂವರೆ ಸುತ್ತು.

ಸ್ಟೀರಿಂಗ್ ಬಾಕ್ಸಿಗೆ ಐದಕ್ಕೆ ಐದು. ಬ್ರೇಕ್ ಕಿಟ್ಟಿಗೆ ಪಾರ್ಟ್ಸ್ ನೋಡಿ ನಾಲ್ಕು, ಆ ಹಾಳೆ ನೋಡಿ ಒಂದು ಕಟ್, ಮೂರು. ಆರ್ಡರ್ ಮಾಡೋ ಮುಂಚೆ ವೀಲಿನ ಸೈಜೂ ನೋಡ್ಕೊಳಿ, ಈ ಕಿಟ್ಟಿಗೆ 15 ಇಂಚಿನ ವೀಲ್ ಬೇಕು. ನಾಲ್ಕನ್ನೂ ಬದ್ಲಾಯಿಸ್ದೆ, ಡಿಕ್ಕೀಲಿ ಮಲಗಿರೋ 14 ಇಂಚಿನ ಸ್ಟೆಪ್ನಿ ಕ್ಯಾಲಿಪರ್ ಮೇಲೆ ಹೋಗಲ್ಲ ಅನ್ನೋದು ಮೊನ್ನೆ ಪಂಕ್ಚರ್ ಆಗಿ ರೋಡ್ ಪಕ್ಕ ಜಾಕ್ ಹಾಕ್ಕೊಂಡು ಕೂತಾಗ್ಲೇ ಹೊಳೆದಿದ್ದು.