ಬಕಲ್ಯಾವ್ ಅಥವಾ ತಾಜಾ ಸಾರ್ಡೀನ್: ಲಿಸ್ಬನ್ನಿನ ಅಡುಗೆಮನೆಗೆ ಯಾವುದು?

ಪೋರ್ಚುಗೀಸರ ಮನೆಯಡುಗೆ ಕಲಿಯಲು ಬಕಲ್ಯಾವ್ ಎಂಬ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನಿಂದ ಆರಂಭಿಸಬೇಕೋ ಅಥವಾ ನಮ್ಮ ಬೂತಾಯಿಯ ಬಳಗದ ಸಾರ್ಡೀನಿನಿಂದಲೋ ಎಂದು ಕೇಳಿದ್ದೀರಿ.

ಬೇಸಿಗೆಯಲ್ಲಿ ಸಾರ್ಡೀನ್ ಸಾಮಾನ್ಯವಾಗಿ ಅಗ್ಗ. ಬಕಲ್ಯಾವ್ ಬಹುಪಾಲು ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಬರುವುದರಿಂದ ದುಬಾರಿ. ಆದರೆ ತಂಪಾದ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಸಾರ್ಡೀನನ್ನು ಕೊಂಡ ದಿನವೇ ಬೇಯಿಸಬೇಕು.

ನಿಜವಾದ ವ್ಯತ್ಯಾಸವಿರುವುದು ಶ್ರಮದಲ್ಲಿ. ಬಕಲ್ಯಾವನ್ನು 24ರಿಂದ 48 ಗಂಟೆ ಫ್ರಿಜ್ಜಿನಲ್ಲಿ ನೆನೆಸಿಟ್ಟು ಹಲವು ಬಾರಿ ನೀರು ಬದಲಿಸಬೇಕು. ಅವಸರಪಟ್ಟರೆ ತುಂಡಿನ ನಡುವೆ ಉಪ್ಪು ಉಳಿದು ಊಟವೇ ಕೆಡುತ್ತದೆ. ನೆನೆದ ಮೇಲೆ ಕೆಲಸ ಹಗುರ: ಆಲೂಗಡ್ಡೆ, ಎಲೆಕೋಸಿನೊಂದಿಗೆ ಬೇಯಿಸಿ ಆಲಿವ್ ಎಣ್ಣೆ ಸುರಿದರೆ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟ ಸಿದ್ಧ. ಸಾರ್ಡೀನಿಗೆ ಕಲ್ಲುಪ್ಪು, ಕೆಂಡ ಇಷ್ಟೇ ಸಾಕು. ಸುಟ್ಟ ಮೀನನ್ನು ಬ್ರೆಡ್ಡಿನ ಹೋಳಿನ ಮೇಲಿಟ್ಟು ತಿನ್ನುತ್ತ ಹೋದಂತೆ ಅದರ ಕೊಬ್ಬು ಬ್ರೆಡ್ಡಿಗಿಳಿಯುತ್ತದೆ. ಕೊನೆಯಲ್ಲಿ ತಿನ್ನುವ ಆ ಹೋಳೇ ನನಗೆ ಮೀನಿಗಿಂತ ಪ್ರಿಯ.

ಆದರೆ ಹೊಗೆ ವಿಪರೀತ. ಅಂಗಳವಿದ್ದು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಅಡುಗೆ ಮಾಡುವುದಾದರೆ ಸಾರ್ಡೀನ್ ಒಳ್ಳೆಯದು. ಫ್ಲ್ಯಾಟಿನಲ್ಲಿದ್ದು ಚಳಿಗಾಲದಲ್ಲಿ ಅತಿಥಿಗಳನ್ನು ಕರೆಯುವುದಾದರೆ ಬಕಲ್ಯಾವನ್ನು ಆರಿಸಿ, ಸಾರ್ಡೀನನ್ನು ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬದಲ್ಲಿ ಲಿಸ್ಬನ್ನಿನ ಹಳೆಯ ಬಡಾವಣೆ ಅಲ್ಫಾಮದ ಬೀದಿಯಲ್ಲೇ ಸವಿಯಿರಿ.