ರಷ್ಯನ್ ಕಲಿಯಲು ಒಂದು ಸೆಮಿಸ್ಟರ್: ಹಣ ಕಟ್ಟುವ ಮೊದಲು ಇದನ್ನು ಓದಿ

"ನಾಲ್ಕು ತಿಂಗಳು ಮಾಸ್ಕೋದಲ್ಲಿದ್ದರೆ ಸಾಕು, ರಷ್ಯನ್ ತಾನಾಗಿಯೇ ಬಾಯಿಗೆ ಬರುತ್ತೆ" ಅನ್ನುವ ಏಜೆಂಟರ ಮಾತು ನಂಬಿ ಹೋದವರು ಹೆಚ್ಚಾಗಿ ಮೋಸ ಹೋಗುವುದು ಗಂಟೆಯ ಲೆಕ್ಕದಲ್ಲಿ. ಕೋರ್ಸ್ ವಿವರದಲ್ಲಿ ವಾರಕ್ಕೆ 20 ಗಂಟೆ ಅಂತಿರುತ್ತದೆ. ಅಲ್ಲಿ ಪಾಠದ ಒಂದು ಗಂಟೆ ಅಂದರೆ 45 ನಿಮಿಷ. ಅಂಥ ಎರಡು ಸೇರಿದರೆ ಒಂದು 'ಪಾರಾ'. ಗಡಿಯಾರ ನೋಡಿದರೆ ವಾರಕ್ಕೆ 15 ಗಂಟೆ, 16 ವಾರಕ್ಕೆ 240. ವಸಂತದ ಸೆಮಿಸ್ಟರ್ ಆದರೆ ಮಾರ್ಚ್ 8, ಮೇ 1, ಮೇ 9ರ ರಜೆಗಳನ್ನೂ ಕಳೆಯಿರಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ರಷ್ಯನ್ ಕಲಿಸಲು ಇಟ್ಟುಕೊಂಡಿರುವ ಅಂದಾಜು ಸುಮಾರು 1100 ತರಗತಿ ಗಂಟೆ.

ಅಕ್ಷರವೂ ಗೊತ್ತಿಲ್ಲದೆ ಹೋದವರು ಇಷ್ಟರಲ್ಲಿ ಮುಟ್ಟುವುದು ಹೆಚ್ಚೆಂದರೆ ಎ2 ಮಟ್ಟ (ಭಾಷಾ ಕಲಿಕೆಯ ಮೊದಲ ಮೆಟ್ಟಿಲು ಎ1, ಇದು ಎರಡನೆಯದು, ಸರಳ ಮಾತುಕತೆಗೆ ಸಾಕಾಗುವಷ್ಟು). ಜನರ ನಡುವೆ ಇದ್ದು ಕಲಿಯುವುದು ನಿಜವಾಗಿ ಶುರುವಾಗುವುದೇ ಅಲ್ಲಿಂದ. ಅಷ್ಟರಲ್ಲಿ ವಾಪಸ್ ಟಿಕೆಟ್‌ನ ದಿನ ಬಂದಿರುತ್ತದೆ.

ಇನ್ನು ಹಾಸ್ಟೆಲ್. ಎಷ್ಟೋ ಕಡೆ ವಿದೇಶಿಯರಿಗೆಲ್ಲ ಒಂದೇ ಮಹಡಿ. ಅಡುಗೆಮನೆಯಲ್ಲಿ ಇಂಗ್ಲಿಷ್, ರೂಮಿನಲ್ಲಿ ಹಿಂದಿ. ದಿನವಿಡೀ ಕಿವಿಗೆ ಬೀಳುವ ರಷ್ಯನ್ ಅಂದರೆ ಅಂಗಡಿಯ ಕ್ಯಾಷಿಯರ್ ಕೇಳುವ "ಪಕ್ಯೆತ್ ನೂಜಿನ್?" (ಚೀಲ ಬೇಕಾ?), ಅದಕ್ಕೆ ನೀವು ಹೇಳುವ "ನ್ಯೆತ್". ಅಗ್ಗ ಅಂತ, ರಷ್ಯನ್ ಬಳಕೆಯಲ್ಲಿರುವ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ ಆರಿಸಿಕೊಳ್ಳುವವರೂ ಇದ್ದಾರೆ. ಅಲ್ಲಿ ಸಾವಿರಾರು ಭಾರತೀಯ ಎಂಬಿಬಿಎಸ್ ವಿದ್ಯಾರ್ಥಿಗಳಿದ್ದಾರೆ. ಅವರ ಹಾಸ್ಟೆಲ್ ಸೇರಿದರೆ ನಿಮ್ಮ ಹಿಂದಿ ಚೆನ್ನಾಗಿ ಸುಧಾರಿಸುತ್ತದೆ. ರೂಮ್‌ಮೇಟ್ ಯಾವ ದೇಶದವರು, ತರಗತಿಯಲ್ಲಿ ಎಷ್ಟು ಜನ, ಮಟ್ಟ ನೋಡಿ ಗುಂಪು ಮಾಡುತ್ತಾರಾ, ಸ್ಥಳೀಯರ ಮನೆಯಲ್ಲಿ ಇರಬಹುದಾ ಎಂಬುದನ್ನೆಲ್ಲ ಇಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಫೋನಿನಲ್ಲಿ ಕೊಟ್ಟ ಮಾತಿಗೆ ಬೆಲೆಯಿಲ್ಲ.

ಎ1 ಮುಗಿಸದೆ ವಿಮಾನ ಹತ್ತಬೇಡಿ. ಚೆನ್ನೈನ ರಷ್ಯನ್ ಹೌಸ್‌ನಲ್ಲಿ (ರಷ್ಯಾದ ಸಾಂಸ್ಕೃತಿಕ ಕೇಂದ್ರ) ಕೋರ್ಸ್ ಇದೆ. ಆರು ವಿಭಕ್ತಿಗಳು ಕನ್ನಡದವರಿಗೆ ಹೊಸ ವಿಷಯವಲ್ಲ, ಹೆಣಗಾಡಿಸುವುದು ಮೇಜು, ಪುಸ್ತಕಗಳಿಗೂ ಇರುವ ಲಿಂಗ. ಆ್ಯಪ್‌ನಲ್ಲಿ ಕಲಿತವರು ಮೊದಲ ದಿನವೇ ಎಡವುವುದು ಬೋರ್ಡಿನ ಮುಂದೆ. ಶಿಕ್ಷಕಿ ಬರೆಯುವುದು ಕೂಡುಬರಹ. ಅದರಲ್ಲಿ 'ತ' ಅಕ್ಷರ ಇಂಗ್ಲಿಷಿನ ಎಂ ಥರ, 'ದ' ಜಿ ಥರ, 'ಇ' ಯು ಥರ ಕಾಣುತ್ತದೆ. ಅಚ್ಚಿನ ಅಕ್ಷರ ಮಾತ್ರ ಗೊತ್ತಿದ್ದರೆ ಒಂದು ಸಾಲೂ ಓದಲಾಗುವುದಿಲ್ಲ.

ರಷ್ಯಾದಲ್ಲಿ ಕಾಗದಪತ್ರ ತಪ್ಪಿದರೆ ದಂಡ ತೆರಬೇಕು, ಕೆಲವೊಮ್ಮೆ ದೇಶವನ್ನೇ ಬಿಡಬೇಕಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಇರುವ ವೀಸಾಗೆ ಎಚ್‌ಐವಿ ಪರೀಕ್ಷೆಯ ಪ್ರಮಾಣಪತ್ರ ಬೇಕು. ಗಡಿಯಲ್ಲಿ ಕೊಡುವ ಮೈಗ್ರೇಷನ್ ಕಾರ್ಡ್ ಜೋಪಾನ. ಬಂದ 7 ಕೆಲಸದ ದಿನಗಳೊಳಗೆ, ತಂಗಿರುವ ವಿಳಾಸದ ನೋಂದಣಿ ಆಗಬೇಕು. ಅದನ್ನು ಮಾಡಿಸಬೇಕಾದವರು ಹಾಸ್ಟೆಲ್‌ನವರು ಅಥವಾ ಮನೆ ಮಾಲೀಕರು, ಆದರೆ ಪೊಲೀಸರು ತಡೆದು ಕೇಳುವುದು ನಿಮ್ಮನ್ನು. "ನೋಂದಣಿ ಮಾಡಿಸಲ್ಲ, ಬಾಡಿಗೆ ಕಡಿಮೆ" ಅನ್ನುವ ಮನೆ ಬೇಡವೇ ಬೇಡ. ಬೇರೆ ಊರಿನ ಹೋಟೆಲಿನಲ್ಲಿ ತಂಗಿ ಬಂದರೆ ವಿಶ್ವವಿದ್ಯಾಲಯದ ಕಚೇರಿಗೆ ಹೇಳಿ, ನೋಂದಣಿ ಮತ್ತೆ ಮಾಡಿಸಿ.

ಮೊದಲ ವೀಸಾ ಎಷ್ಟು ದಿನದ್ದು, ಎಷ್ಟು ಪ್ರವೇಶದ್ದು ಎಂದು ನೋಡಿಕೊಳ್ಳಿ. ಒಂದೇ ಪ್ರವೇಶದ್ದಾಗಿದ್ದು, ವಾರಾಂತ್ಯಕ್ಕೆ ಇಸ್ತಾಂಬುಲ್‌ಗೆ ಹಾರಿದರೆ ಮರಳಿ ಬರಲಾಗದು. ಸೆಮಿಸ್ಟರ್‌ಗೆ ಮೊದಲೇ ವೀಸಾ ಮುಗಿಯುವುದಾದರೆ, ಅದಕ್ಕೆ ಒಂದೂವರೆ ತಿಂಗಳಿರುವಾಗಲೇ ವಿಸ್ತರಣೆಗೆ ಪಾಸ್‌ಪೋರ್ಟ್ ಕೊಡಿ. ಅದು ಕೈಗೆ ಬರಲು ವಾರಗಳಾಗುತ್ತವೆ, ಆ ನಡುವೆ ತಿರುಗಾಟದ ಯೋಜನೆ ಬೇಡ.

ಭಾರತದ ಬ್ಯಾಂಕುಗಳು ಕೊಡುವ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡುಗಳು 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ಆಗುವವರೆಗೆ ಬೇಕಾಗುವಷ್ಟು ನಗದು, ಮಡಿಕೆ ಬೀಳದ ಹೊಸ ಡಾಲರ್ ನೋಟುಗಳಲ್ಲಿ, ಒಯ್ಯಿರಿ. ಕಳೆದ ವರ್ಷಗಳಲ್ಲಿ ವಿದೇಶಿಯರಿಗೆ ಸಿಮ್ ಕೊಡುವ ನಿಯಮ ಬಿಗಿಯಾಗಿದೆ. 2025ರಿಂದ ಬಯೋಮೆಟ್ರಿಕ್ ಕೊಡದೆ ಸಿಮ್ ಇಲ್ಲ. ಮೊದಲ ದಿನಗಳಿಗೆ ಬೇಕಾದ ನಕ್ಷೆ, ನಿಘಂಟುಗಳನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ.

ಓದಲು ಬಾರದ ರಷ್ಯನ್ ಕಾಗದಕ್ಕೆ ಯಾರು ಹೇಳಿದರೂ ಸಹಿ ಬೇಡ, "ಪಾರ್ಟ್ ಟೈಮ್ ಕೆಲಸ" ಅಂದರಂತೂ ಖಂಡಿತ ಬೇಡ. ಸೆಕ್ಯುರಿಟಿ ಗಾರ್ಡ್ ಕೆಲಸವೆಂದು ಹೋದ ಕಲಬುರಗಿಯ ಹುಡುಗರು ಯುದ್ಧಭೂಮಿಗೆ ತಲುಪಿದ್ದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅನುಮಾನ ಬಂದರೆ ಕಾಗದದ ಫೋಟೋ ತೆಗೆದು ಮಾಸ್ಕೋದ ಭಾರತೀಯ ರಾಯಭಾರ ಕಚೇರಿಗೆ ಕಳಿಸಿ, ಪೆನ್ನು ಆಮೇಲೆ.