ವಾಲ್‌ನಟ್, ಬೀಟೆ, ಪದರುಮರ: ಒಂದೇ ಏರ್ ಪಿಸ್ತೂಲಿಗೆ ಮೂರು ಹಿಡಿಗಳು

10 ಮೀಟರ್ ಏರ್ ಪಿಸ್ತೂಲಿನ ಅಭ್ಯಾಸಕ್ಕಾಗಿ ಕಳೆದ ಒಂದೂವರೆ ವರ್ಷದಲ್ಲಿ ನಾನು ಮೂರು ಮರದ ಹಿಡಿಗಳನ್ನು ಬಳಸಿದೆ: ಪಿಸ್ತೂಲಿನ ಜೊತೆಗೇ ಬಂದ ವಾಲ್‌ನಟ್ ಹಿಡಿ, ಸಾಗರದಲ್ಲಿ ಕೆತ್ತಿಸಿಕೊಂಡ ಬೀಟೆಯ ಹಿಡಿ, ಗೆಳೆಯರೊಬ್ಬರಿಂದ ಒಂದು ತಿಂಗಳ ಮಟ್ಟಿಗೆ ಎರವಲು ತಂದ ಪದರುಮರದ ಹಿಡಿ. ಈಗ ಪಿಸ್ತೂಲಿನಲ್ಲಿರುವುದು ಮೂರರಲ್ಲಿ ಅತ್ಯಂತ ಕುರೂಪಿಯಾದ ಆ ವಾಲ್‌ನಟ್ ಹಿಡಿಯೇ. ಸೆಕೆಂಡ್ ಹ್ಯಾಂಡ್ ಪಿಸ್ತೂಲನ್ನು ಕೊಂಡಾಗ ಅದರ ಮೇಲೆ ಹಳೆಯ ಮಾಲೀಕರು ಮೆತ್ತಿದ್ದ ಪುಟ್ಟಿಯ ಗಂಟುಗಳು, ಅರದ ಗೀರುಗಳು, ಬೆವರಿನ ಕಪ್ಪು ಕಲೆಗಳು ಇದ್ದವು. ಅದನ್ನು ಕಂಡು ಮುಖ ಸಿಂಡರಿಸಿ ಹೊಸದನ್ನು ಮಾಡಿಸಲು ಹೊರಟದ್ದೇ ನನ್ನ ತಪ್ಪು.

ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ನೋಡಿದವರಿಗೆ ಆ ಊರುಗಳಲ್ಲಿ ಒಂದು ಪಿಸ್ತೂಲಿನ ಹಿಡಿ ಮಾಡಿಸುವುದು ಕಷ್ಟವೆಂದು ಅನ್ನಿಸುವುದಿಲ್ಲ. ನಮ್ಮ ಮನೆಯ ಅಟ್ಟದಲ್ಲಿದ್ದ ಮುರಿದ ಮಂಚದ ಬೀಟೆಯ ಕಾಲನ್ನು ಒಯ್ದುಕೊಟ್ಟೆ. ಬಂದ ಹಿಡಿ ಕಣ್ಣು ಕೋರೈಸುವಂತಿತ್ತು: ನೇರಳೆ ಛಾಯೆಯ ಕಂದು ಬಣ್ಣ, ಕಪ್ಪು ಗೆರೆಗಳು, ಮೇಲೆ ಅರಗಿನ ಪಾಲಿಶ್. ಹಿಡಿದಾಗಲೇ ಭಾರ ತಿಳಿಯಿತು. ಬೀಟೆ ವಾಲ್‌ನಟ್‌ಗಿಂತ ಸಾಂದ್ರವಾದ ಮರ, ಅಡುಗೆಮನೆಯ ತಕ್ಕಡಿಯಲ್ಲಿ ಸುಮಾರು 50 ಗ್ರಾಂ ಹೆಚ್ಚು ತೂಗಿತು. ಒಟ್ಟು ಪಿಸ್ತೂಲು 1,500 ಗ್ರಾಂ ಮೀರಬಾರದೆಂಬ ನಿಯಮಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಪಿಸ್ತೂಲು 50 ಮಿ.ಮೀ. ಅಗಲದ ತಪಾಸಣೆ ಪೆಟ್ಟಿಗೆಯಲ್ಲಿ ಕೂರಬೇಕು, ಅಂಗೈ ಊರುವ ಪಾಮ್ ರೆಸ್ಟ್ ಮೇಲಕ್ಕೆ ಬಾಗಿರಬಾರದು ಎಂಬುದನ್ನು ನಾನು ಮೊದಲೇ ಹೇಳಿರಲಿಲ್ಲವಾದ್ದರಿಂದ, ಅಷ್ಟು ಚೆಂದದ ಕೆಲಸವನ್ನು ಎರಡು ಸಂಜೆ ಕುಳಿತು ಉಪ್ಪುಕಾಗದದಿಂದ ಉಜ್ಜಬೇಕಾಯಿತು.

ಇವೆಲ್ಲ ಸಣ್ಣ ಮಾತು. ನಿಜವಾಗಿ ಕಾಡಿದ್ದು ಹಿಡಿಯನ್ನು ಪಿಸ್ತೂಲಿಗೆ ಬಿಗಿಯುವ ಒಂದೇ ಒಂದು ಬೋಲ್ಟು.

ಜೂನ್ ತಿಂಗಳಲ್ಲಿ ಹಿಡಿಯನ್ನು ಕೂರಿಸಿ ಗಟ್ಟಿಯಾಗಿ ಬಿಗಿದೆ. ಆರಿದ್ರಾ, ಪುನರ್ವಸು ಮಳೆಗಳು ಮುಗಿಯುವವರೆಗೂ ದೂರುವಂಥದ್ದೇನೂ ಇರಲಿಲ್ಲ. ಡಿಸೆಂಬರಿನಲ್ಲಿ ಮಾತ್ರ ನನ್ನ ಗುಂಡುಗಳು ಗುರಿಯ ಎಡಕ್ಕೆ ಸರಿಯತೊಡಗಿದವು. ಒಮ್ಮೆ ಸರಿದರೆ ಮುಂದಿನ ಹತ್ತು ಸರಿಯಾಗಿರುತ್ತಿದ್ದವು, ಮತ್ತೆ ಎರಡು ಸರಿಯುತ್ತಿದ್ದವು. ಟ್ರಿಗರನ್ನು ಬೆರಳಿನ ಯಾವ ಗಂಟಿನಿಂದ ಎಳೆಯುತ್ತಿದ್ದೇನೆ, ಮಣಿಕಟ್ಟು ತಿರುಗುತ್ತಿದೆಯೇ, ಪಾದಗಳ ದಿಕ್ಕು ಸರಿಯಿದೆಯೇ ಎಂದು ಎರಡು ತಿಂಗಳು ನನ್ನನ್ನೇ ಶಂಕಿಸಿದೆ. ಗುರಿ ನೋಡುವ ಹಿಂದಿನ ಕಂಡಿಗೂ (ಹಿಂಗುರಿ) ನಳಿಕೆಯ ತುದಿಯ ಮೊಳೆಗೂ (ಮುಂಗುರಿ) ನಡುವೆ 32 ಸೆಂ.ಮೀ. ಇರುವ ಪಿಸ್ತೂಲಿನಲ್ಲಿ ಮುಂಗುರಿ 1 ಮಿ.ಮೀ. ಓರೆಯಾದರೆ ಹತ್ತು ಮೀಟರಿನಲ್ಲಿ ಗುಂಡು ಸುಮಾರು 31 ಮಿ.ಮೀ. ದೂರ ಬೀಳುತ್ತದೆ, ಹತ್ತು ಅಂಕದ ಬಳೆಯ ಅಡ್ಡಳತೆಯೇ 11.5 ಮಿ.ಮೀ. ಆಗಿರುವುದರಿಂದ ಅಂಥ ಗುಂಡಿಗೆ ಸಿಗುವುದು ಏಳು ಅಂಕ. ಹಿಡಿ ಕದಲಿದರೂ ಕಣ್ಣು ಗುರಿಯನ್ನು ಸರಿಪಡಿಸಿಕೊಳ್ಳುತ್ತದೆ, ನಿಜ. ಆದರೆ ಹಾಗೆ ಸರಿಪಡಿಸಲು ಮಣಿಕಟ್ಟನ್ನು ತುಸು ತಿರುಚಿ ಹಿಡಿಯಬೇಕಾಗುತ್ತದೆ, ಮತ್ತು ಟ್ರಿಗರ್ ಎಳೆಯುವ ಕ್ಷಣದಲ್ಲಿ ಆ ತಿರುಚು ಬಿಟ್ಟುಕೊಳ್ಳುತ್ತದೆ.

ಕೊನೆಗೆ ಲೋಹ ಮತ್ತು ಮರ ಸೇರುವೆಡೆಯಲ್ಲಿ ಎರಡನ್ನೂ ದಾಟುವಂತೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಟ್ಟೆ. ನಲವತ್ತು ಗುಂಡುಗಳ ನಂತರ ಗೆರೆ ಎರಡು ತುಂಡಾಗಿತ್ತು, ಕೂದಲೆಳೆಯಷ್ಟೇ ಅಂತರದಲ್ಲಿ. ಕಾರಣ ನಮ್ಮ ಕೊಡಲಿಯ ಕಾವಿನಲ್ಲೇ ಇದೆ. ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಸಿದರೆ ಅಂದಿಗೆ ಬಿಗಿಯಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಅಲುಗಾಡುತ್ತದೆ. ತೇವ ಹೀರಿ ಉಬ್ಬುವ ಮರಕ್ಕೆ ಹಿಗ್ಗಲು ಎಡೆ ಸಿಗದಿದ್ದರೆ ಅದರ ಎಳೆಗಳು ಒಳಗೇ ನಜ್ಜಿಹೋಗುತ್ತವೆ. ಚಳಿಗಾಲದ ಒಣಹವೆಗೆ ಕುಗ್ಗಿದಾಗ ನಜ್ಜಿದ ಎಳೆಗಳು ಹಳೆಯ ಅಳತೆಗೆ ಮರಳುವುದಿಲ್ಲ. ನನ್ನ ಬೀಟೆಯ ಹಿಡಿಯಲ್ಲಿ ಬೋಲ್ಟಿನ ತಲೆ ನೇರವಾಗಿ ಮರದ ಮೇಲೆಯೇ ಕುಳಿತಿತ್ತು. ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಹಳೆಯ ವಾಲ್‌ನಟ್ ಹಿಡಿಯನ್ನು ತಿರುಗಿಸಿ ನೋಡಿದರೆ, ಬೋಲ್ಟು ಕೂರುವ ಕಡೆ ಅಗಲವಾದ ಲೋಹದ ಬಿಲ್ಲೆಯೊಂದನ್ನು ಹುದುಗಿಸಿದ್ದರು. ಬೀಟೆಗೂ ಒಂದು ವಾಶರ್ ಹಾಕಿಸಿದೆ, ಸರಿಹೋಯಿತು. ಆದರೂ ಪಾಲಿಶ್ ಮಾಡಿದ ಮೇಲ್ಮೈ ಬೆವರಿದ ಕೈಯಲ್ಲಿ ಜಾರುವುದು ತಪ್ಪಲಿಲ್ಲ, ಮತ್ತು ಅರಗು ತೇವಕ್ಕೆ ಅಲ್ಲಲ್ಲಿ ಬೆಳ್ಳಗಾಯಿತು.

ಪದರುಮರವೆಂದರೆ ತೆಳ್ಳನೆಯ ಮರದ ಹಾಳೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ, ಬಣ್ಣದ ಪಟ್ಟೆಗಳಿರುವ ಹಿಡಿ. ಹವೆಗೆ ಅದು ಬಹುಮಟ್ಟಿಗೆ ಅಲುಗುವುದಿಲ್ಲ. ಮಳೆನಾಡಿಗೆ ತರ್ಕದ ಪ್ರಕಾರ ಅದೇ ಉತ್ತಮ. ಆದರೆ ಗೆಳೆಯರು ಸುಂಕವೂ ಸೇರಿ ಅದಕ್ಕೆ ಕೊಟ್ಟ ಬೆಲೆ ನನ್ನ ಪಿಸ್ತೂಲಿನ ಬೆಲೆಯ ಅರ್ಧದ ಹತ್ತಿರವಿತ್ತು. ಕೈ ಜಾರದಿರಲೆಂದು ಮೇಲ್ಮೈ ತುಂಬ ಮಾಡಿದ ಅದರ ಒರಟು ಚುಕ್ಕಿಗೆತ್ತನೆ ಇಪ್ಪತ್ತು ಗುಂಡುಗಳಲ್ಲೇ ನನ್ನ ಹೆಬ್ಬೆರಳಿನ ಬುಡವನ್ನು ಕೆಂಪಾಗಿಸಿತು. ಸ್ವಂತದ್ದಲ್ಲವಾದ್ದರಿಂದ ಅರ ಹಾಕುವಂತಿರಲಿಲ್ಲ. ಅರ ಹಾಕಿ ನೋಡಿದ ಗೆಳೆಯರು ಹೇಳುವಂತೆ ಅದರ ಅಂಟು ಅರವನ್ನು ಬೇಗ ಮೊಂಡು ಮಾಡುತ್ತದೆ.

ವಾಲ್‌ನಟ್ ಹಿಡಿಯ ಗುಣವೇ ತದ್ವಿರುದ್ಧ: ಅರಕ್ಕೆ ಸುಲಭವಾಗಿ ಒಗ್ಗುತ್ತದೆ. ಹಳೆಯ ಮಾಲೀಕರ ಗಂಟುಗಳಲ್ಲಿ ಒಂದನ್ನು ಕೆರೆದು ತೆಗೆದೆ, ಕಿರುಬೆರಳಿನ ಕೆಳಗೆ ಮರದ ಪುಡಿ ಬೆರೆಸಿದ ಎಪಾಕ್ಸಿ ಪುಟ್ಟಿಯನ್ನು ಮೆತ್ತಿ, ಮೆತ್ತಗಿರುವಾಗಲೇ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲಿನಿಂದ ಹಿಡಿದು ಕೈಯ ಅಚ್ಚು ತೆಗೆದುಕೊಂಡೆ. ಈಗ ಕಣ್ಣು ಮುಚ್ಚಿ ಕೈ ಎತ್ತಿದರೂ ಮುಂಗುರಿ ಹಿಂಗುರಿಯ ನಡುವೆಯೇ ಬಂದು ನಿಲ್ಲುತ್ತದೆ. ಹಿಡಿ ಕೊಳ್ಳುವವರು ಅಂಗಡಿಯಲ್ಲಿ ಇದೊಂದನ್ನು ಪರೀಕ್ಷಿಸಿದರೆ ಸಾಕು, ಮರದ ಹೆಸರು ಆಮೇಲಿನದು.

ಆರೈಕೆ ಹೆಚ್ಚೇನಿಲ್ಲ. ಅಭ್ಯಾಸ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಚುಕ್ಕಿಗಳ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಅರ್ಧ ಗಂಟೆ ಗಾಳಿಗಿಟ್ಟ ನಂತರವೇ ಪೆಟ್ಟಿಗೆಗೆ ಸೇರಿಸುತ್ತೇನೆ. ಬೆವರಿದ ಹಿಡಿಯನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ನಮ್ಮಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಎರಡು ಸಲ ಬಣ್ಣದಂಗಡಿಯಲ್ಲಿ ಸಿಗುವ, ಬೇಗ ಒಣಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಕಾಲು ಗಂಟೆಯ ನಂತರ ಹೆಚ್ಚಿನದನ್ನು ಒರೆಸಿ, ಒಂದು ದಿನ ಒಣಗಲು ಬಿಡುತ್ತೇನೆ. ಕೊಬ್ಬರಿ ಎಣ್ಣೆ ಎಂದಿಗೂ ಒಣಗದೆ ಜಿಡ್ಡಾಗಿಯೇ ಉಳಿಯುತ್ತದೆ. ಲೋಹದ ಭಾಗಗಳಿಗೆ ಹಾಕುವ ಎಣ್ಣೆ ಮರಕ್ಕೆ ಇಳಿದರೆ ಕಪ್ಪಾಗಿ ಮೆತ್ತಗಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಒಣಗುವಾಗಿನ ಶಾಖ ಒಳಗೇ ಕಟ್ಟಿಕೊಂಡು ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ತಂತಿಯ ಮೇಲೆ ಹರವಬೇಕು.

ವಾರಕ್ಕೆ ನಾಲ್ಕು ಸಂಜೆ, ಫ್ಯಾನ್ ಇಲ್ಲದ ಗೋದಾಮಿನಲ್ಲಿ ಬೆವರುತ್ತಾ ಅಭ್ಯಾಸ ಮಾಡುವ ನನಗೆ ವಾಲ್‌ನಟ್ ಹಿಡಿ ಹೊಂದುತ್ತದೆ. ಹವಾನಿಯಂತ್ರಿತ ರೇಂಜಿನಲ್ಲಿ ಅಭ್ಯಾಸ ಮಾಡುವವರು, ಹಣವೂ ಇದ್ದರೆ, ಪದರುಮರವನ್ನೇ ಕೊಳ್ಳಬಹುದು. ಬೀಟೆಯ ಹಿಡಿ ಕಪಾಟಿನಲ್ಲಿದೆ, ಬಂದವರೆಲ್ಲ ಅದನ್ನೇ ಹೊಗಳುತ್ತಾರೆ. ಪೆನ್ಸಿಲ್ ಗೆರೆಯನ್ನು ಮಾತ್ರ ವಾಲ್‌ನಟ್ ಹಿಡಿಗೂ ಎಳೆದಿದ್ದೇನೆ, ಮಳೆ ಶುರುವಾಗುವಾಗೊಮ್ಮೆ, ನಿಂತ ಮೇಲೊಮ್ಮೆ ನೋಡುತ್ತೇನೆ.